ಲಂಡನ್ ದೋಸೆ 1,100 ರೂಪಾಯಿ ಅಂತ ನಕ್ಕವರಿಗೆ (ನಾನೂ ಸೇರಿ)

1/7

ಮೊದಲೇ ಹೇಳ್ಬಿಡ್ತೀನಿ, ಇದು ಉದ್ದ ಇದೆ. ಒಂದು ಕ್ಯಾಪ್ಷನ್‌ನಲ್ಲಿ ಹಿಡಿಸಲ್ಲ ಅಂತ ಏಳು ಪೋಸ್ಟ್ ಮಾಡಿದೀನಿ. ಬಸ್ಸಲ್ಲಿ ಕೂತಿದ್ರೆ ಓದಿ, ಕ್ಲಾಸಲ್ಲಿ ಕೂತಿದ್ರೆ ಫೋನ್ ಒಳಗಿಡಿ.

ಹೋದ ವರ್ಷ ನನ್ನ ಸ್ಟೋರಿ ನೋಡಿದವರಿಗೆ ನೆನಪಿರಬಹುದು. ಒಂದು ಮಸಾಲೆ ದೋಸೆ ಫೋಟೋ. ಉದ್ದನೆಯ ಬಿಳಿ ತಟ್ಟೆ, ಪುಟ್ಟ ಸ್ಟೀಲ್ ಬಟ್ಟಲಲ್ಲಿ ಸಾಂಬಾರು, ಕಿಟಕಿ ಆಚೆ ಅರ್ಧ ಕಾಣೋ ಕೆಂಪು ಬಸ್ಸು. ಅದರ ಮೇಲೆ ನಾನು ದಪ್ಪಕ್ಷರದಲ್ಲಿ ಬರೆದಿದ್ದೆ: "ಒಂದು ದೋಸೆ 1,100 ರೂಪಾಯಿ! ಇದೇ ದುಡ್ಡಿಗೆ ನಮ್ಮಪ್ಪನ ಹೋಟೆಲಲ್ಲಿ ಹದಿನೆಂಟು ದೋಸೆ."

ನೂರಾ ಚಿಲ್ಲರೆ ಜನ ನಗೋ ಎಮೋಜಿ ಹಾಕಿದ್ರಿ. "ಕಿಡ್ನಿ ಮಾರಿ ತಿನ್ಬೇಕು ಗುರು" ಅಂತ ಒಬ್ಬ. "ಅಲ್ಲಿ ಚಟ್ನಿ ಎಕ್ಸ್‌ಟ್ರಾ ಕೇಳಿದ್ರೆ ಇಎಂಐ ಕಟ್ಟಬೇಕಾ" ಅಂತ ಇನ್ನೊಬ್ಬ. ಆ ಎರಡನೇದು ಸಖತ್ತಾಗಿತ್ತು, ಸುಳ್ಳು ಹೇಳಲ್ಲ, ನಾನೂ ಬಿದ್ದು ಬಿದ್ದು ನಕ್ಕೆ.

ಆ ಫೋಟೋ ತೆಗೆದಿದ್ದು ನಮ್ಮ ದೊಡ್ಡಮ್ಮನ ಮಗಳು, ಅಕ್ಕ. ಲಂಡನ್ನಲ್ಲಿ ಎಂಎಸ್ಸಿ ಓದ್ತಿದ್ಲು. ಸ್ಟೋರಿ ಹಾಕಿ ಒಂದು ಗಂಟೆಗೆ ಅವಳ ಮೆಸೇಜ್ ಬಂತು. "ತೆಗಿಯೋ ಅದನ್ನ." ತೆಗೆದೆ. ಆಮೇಲೆ ನಾಲ್ಕು ತಿಂಗಳು ಅವಳು ನನಗೆ ಒಂದೇ ಒಂದು ಫೋಟೋನೂ ಕಳ್ಸಲಿಲ್ಲ.

ಯಾಕೆ ಅಂತ ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಮುಂದಿನ ಪೋಸ್ಟಲ್ಲಿ ಹೇಳ್ತೀನಿ.

2/7

ಅಕ್ಕ ಹೋಗಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಎಜುಕೇಷನ್ ಲೋನು, ದೊಡ್ಡಪ್ಪನ ಪಿಎಫ್, ದೊಡ್ಡಮ್ಮನ ಎರಡೆಳೆ ಸರ, ನಿಮಗೆ ಗೊತ್ತಿರೋ ಕಥೆಯೇ. ವಿಮಾನ ಹತ್ತೋ ಮುಂಚೆ ದೊಡ್ಡಮ್ಮ ಕೊಟ್ಟ ಬುದ್ಧಿಮಾತು: "ಏನೇ ತಗೊಳ್ಳೋ ಮುಂಚೆ ನೂರರಿಂದ ಗುಣಿಸು."

ಪಾಪ, ಅವರು ಒಳ್ಳೇದಕ್ಕೇ ಹೇಳಿದ್ದು. ಅಕ್ಕ ಅದನ್ನ ಚಾಚೂ ತಪ್ಪದೆ ಪಾಲಿಸಿದ್ಲು. ಬಸ್ ಟಿಕೆಟ್ 1.75 ಪೌಂಡ್, ಅಂದ್ರೆ ಇನ್ನೂರು ರೂಪಾಯಿ. ಅಯ್ಯೋ ಬೇಡ, ನಲವತ್ತು ನಿಮಿಷ ನಡ್ಕೊಂಡು ಹೋಗೋಣ. ಕ್ಯಾಂಟೀನಲ್ಲಿ ಊಟ ಆರು ಪೌಂಡ್, ಏಳುನೂರು ರೂಪಾಯಿ. ಬೇಡ. ಅಲ್ಲಿನ ಸೂಪರ್ ಮಾರ್ಕೆಟ್‌ಗಳಲ್ಲಿ ಮೀಲ್ ಡೀಲ್ ಅಂತ ಸಿಗುತ್ತೆ: ಒಂದು ಸ್ಯಾಂಡ್‌ವಿಚ್, ಒಂದು ಚಿಪ್ಸು ಅಥವಾ ಹಣ್ಣು, ಒಂದು ಜ್ಯೂಸು, ಎಲ್ಲ ಸೇರಿ ನಾಲ್ಕು ಪೌಂಡ್ ಆಸುಪಾಸು. ಲಂಡನ್ನಿನ ಆಫೀಸಿನವರು, ಸ್ಟೂಡೆಂಟ್ಸು ಎಲ್ಲ ಮಧ್ಯಾಹ್ನಕ್ಕೆ ಅದನ್ನೇ ತಿಂತಾರೆ. ಅದೂ ನಾನೂರ ಅರವತ್ತು ರೂಪಾಯಿ ಅಂತ ಇವಳು ವಾಪಸ್ ಇಟ್ಟು ಬರ್ತಿದ್ಲು. ರಾತ್ರಿ ವೀಡಿಯೋ ಕಾಲಲ್ಲಿ "ಊಟ ಆಯ್ತಾ?" ಅಂದ್ರೆ "ಆಯ್ತಮ್ಮ". ಬ್ರೆಡ್ಡು, ಮೊಸರು, ಇಲ್ಲಿಂದ ತಗೊಂಡು ಹೋದ ಚಟ್ನಿಪುಡಿ. ಡಿಸೆಂಬರ್ ಹೊತ್ತಿಗೆ ಎಂಟು ಕೆಜಿ ಇಳಿದಿದ್ಲು. ದೊಡ್ಡಮ್ಮ ಅಂದಿದ್ದು, "ಚಳಿ ದೇಶ ಅಲ್ವಾ, ಸಣ್ಣ ಆಗ್ತಾರೆ."

ಆಮೇಲೆ ಅವಳಿಗೆ ಒಂದು ಸೌತ್ ಇಂಡಿಯನ್ ರೆಸ್ಟೋರೆಂಟಲ್ಲಿ ಪಾರ್ಟ್ ಟೈಂ ಕೆಲಸ ಸಿಕ್ತು. ಸ್ಟೂಡೆಂಟ್ ವೀಸಾದಲ್ಲಿ ಕಾಲೇಜು ನಡೀತಿರೋವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. 2025ರ ಏಪ್ರಿಲ್‌ನಿಂದ ಅಲ್ಲಿ 21 ವರ್ಷ ಮೇಲ್ಪಟ್ಟವರಿಗೆ ಕಾನೂನು ಪ್ರಕಾರ ಗಂಟೆಗೆ ಕನಿಷ್ಠ 12.21 ಪೌಂಡ್ ಇತ್ತು. ಆ ದೋಸೆ, ನಾನು ಸ್ಟೋರಿ ಹಾಕಿದ್ದು, ಅವಳು ಸ್ವಂತ ಸಂಬಳದಲ್ಲಿ ಆ ದೇಶದಲ್ಲಿ ಮೊದಲನೇ ಸಲ ಹೊರಗಡೆ ಕೂತು, ಆರ್ಡರ್ ಕೊಟ್ಟು ತಿಂದಿದ್ದು. ಒಂಬತ್ತು ತಿಂಗಳಾದ ಮೇಲೆ.

ನನ್ನ ಸ್ಟೋರಿಯ ಸ್ಕ್ರೀನ್‌ಶಾಟ್ ಫ್ಯಾಮಿಲಿ ಗ್ರೂಪಿಗೆ ಹೋಯ್ತು. ಚಿಕ್ಕಪ್ಪ ಒಬ್ಬರು "ನಿಮ್ಮಪ್ಪ ಲೋನ್ ಕಟ್ತಿದಾರೆ, ನೀನು ಸಾವಿರ ರೂಪಾಯಿ ದೋಸೆ ತಿಂತಿದೀಯಾ ಮಗಳೇ" ಅಂತ ನಗುತ್ತಾನೇ ಬರೆದ್ರು. ಅವರು ನಗುತ್ತಾ ಬರೆದಿದ್ದು, ಅವಳು ನಗುತ್ತಾ ಓದಲಿಲ್ಲ.

3/7

ಈಗ ಲೆಕ್ಕಕ್ಕೆ ಬರೋಣ. ಬಿಕಾಂ ಓದ್ತಿರೋದು ಬರೀ ಬ್ಯಾಲೆನ್ಸ್ ಶೀಟ್ ಟ್ಯಾಲಿ ಮಾಡಕ್ಕಲ್ಲ.

ದೋಸೆ 9.50 ಪೌಂಡ್. ಆಗ ಪೌಂಡಿಗೆ ಹತ್ತಿರ ಹತ್ತಿರ 116 ರೂಪಾಯಿ. ಸಾವಿರದ ನೂರು ಸರಿಯಾಗೇ ಬಂತು. ಲೆಕ್ಕ ತಪ್ಪಿಲ್ಲ, ಅಳತೆಗೋಲು ತಪ್ಪು. ಅಕ್ಕ ದುಡಿದಿದ್ದು ಪೌಂಡಲ್ಲಿ, ಖರ್ಚು ಮಾಡಿದ್ದು ಪೌಂಡಲ್ಲಿ. ಮಧ್ಯದಲ್ಲಿ ರೂಪಾಯಿಗೆ ಏನು ಕೆಲಸ? 9.50ನ್ನ 12.21ರಿಂದ ಭಾಗಿಸಿ. ಸುಮಾರು 47 ನಿಮಿಷ. ಲಂಡನ್ನಿನ ರೆಸ್ಟೋರೆಂಟ್‌ಗಳು ಸಾಮಾನ್ಯವಾಗಿ ಬಿಲ್ಲಿಗೆ 12.5% ಸರ್ವಿಸ್ ಚಾರ್ಜ್ ಸೇರಿಸ್ತಾರೆ (ಬೇಡ ಅಂದ್ರೆ ತೆಗೀಬೇಕು, ಆದ್ರೆ ಯಾರು ಬಾಯಿಬಿಟ್ಟು ಕೇಳ್ತಾರೆ ಹೇಳಿ). ಅದನ್ನೂ ಸೇರಿಸಿದ್ರೆ ಸುಮಾರು 53 ನಿಮಿಷ. ಆ ಊರಿನ ಅತೀ ಕಡಿಮೆ ಕೂಲಿಯವರು ಒಂದು ಗಂಟೆ ತಟ್ಟೆ ಎತ್ತಿದ್ರೆ ಕೂತು ಒಂದು ಮಸಾಲೆ ದೋಸೆ ತಿಂದು ಎದ್ದು ಬರಬಹುದು.

ಈ ಐಡಿಯಾ ನನ್ನದಲ್ಲ. ಎಕನಾಮಿಸ್ಟ್ ಪತ್ರಿಕೆಯವರು 1986ರಲ್ಲಿ ಬಿಗ್ ಮ್ಯಾಕ್ ಇಂಡೆಕ್ಸ್ ಶುರು ಮಾಡಿದ್ರು ಅಂತ ಮೇಡಂ ಪಾಠ ಮಾಡಿದ್ರಲ್ಲ. ಒಂದೇ ಥರದ ಬರ್ಗರ್ ಬೇರೆ ಬೇರೆ ದೇಶದಲ್ಲಿ ಎಷ್ಟು ಅಂತ ನೋಡಿ, ಕರೆನ್ಸಿ ದುಬಾರಿಯೋ ಅಗ್ಗವೋ ಅಂತ ಹೇಳೋದು. (ಇಂಡಿಯಾದಲ್ಲಿ ಬೀಫ್ ಇಲ್ಲ ಅಂತ ನಮಗೆ ಚಿಕನ್ ಮಹಾರಾಜ ಮ್ಯಾಕ್ ತಗೋತಾರೆ. ಎಕ್ಸಾಮಲ್ಲಿ ಇದು ಬರೆದ್ರೆ ಒಂದು ಮಾರ್ಕ್ ಜಾಸ್ತಿ, ಗ್ಯಾರಂಟಿ.) ಆದ್ರೆ ಅದಕ್ಕಿಂತ ನನಗೆ ಇಷ್ಟ ಆಗಿದ್ದು ಸ್ವಿಸ್ ಬ್ಯಾಂಕ್ ಯುಬಿಎಸ್ ಮಾಡ್ತಿದ್ದ ಲೆಕ್ಕ. ಒಂದು ಬರ್ಗರ್ ತಗೊಳ್ಳಕ್ಕೆ ಆ ಊರಿನವರು ಎಷ್ಟು ನಿಮಿಷ ದುಡೀಬೇಕು? 2015ರ ಅವರ ವರದಿ ಪ್ರಕಾರ ಹಾಂಗ್‌ಕಾಂಗಲ್ಲಿ ಸುಮಾರು 9 ನಿಮಿಷ. ನೈರೋಬಿಯಲ್ಲಿ ಹತ್ತಿರ ಹತ್ತಿರ ಮೂರು ಗಂಟೆ.

ನೈರೋಬಿಯ ಬೆಲೆಯನ್ನ ರೂಪಾಯಿಗೋ ಡಾಲರಿಗೋ ಬದಲಾಯಿಸಿ ನೋಡಿ, "ಪರವಾಗಿಲ್ಲ, ಅಗ್ಗ" ಅನ್ಸುತ್ತೆ. ಅಲ್ಲೇ ಬದುಕೋರಿಗೆ ಅದು ಅರ್ಧ ದಿನದ ಕೂಲಿ.

ಯಾಕೆ ಹೀಗೆ? ಫೋನಿಗೆ ಬೆಂಗಳೂರಲ್ಲೂ ಲಂಡನ್ನಲ್ಲೂ ಹೆಚ್ಚು ಕಡಿಮೆ ಅಷ್ಟೇ ದುಡ್ಡು. ಹಡಗಲ್ಲಿ ಹಾಕಿ ಕಳಿಸಬಹುದು. ದೋಸೆ ಕಳಿಸಕ್ಕಾಗಲ್ಲ. ಕಾವಲಿ ಮುಂದೆ ಒಬ್ಬ ಮನುಷ್ಯ ನಿಂತಿರಲೇಬೇಕು, ಆ ಮನುಷ್ಯ ಅದೇ ಊರಲ್ಲಿ ಮನೆ ಬಾಡಿಗೆ ಕಟ್ಟಬೇಕು. ಹಾಗಾಗಿ ಹೋಟೆಲ್ ಊಟದ ರೇಟು ಅಂದ್ರೆ ಅಕ್ಕಿ ಉದ್ದಿನ ರೇಟಿಗಿಂತ ಹೆಚ್ಚಾಗಿ ಆ ಊರಿನ ಕೂಲಿ ಮತ್ತು ಬಾಡಿಗೆಯ ರೇಟು. ದುಬಾರಿ ಊಟ ಅಂತ ನಾವು ಬೈಯೋದು ಎಷ್ಟೋ ಸಲ ಅಲ್ಲಿ ತಟ್ಟೆ ತೊಳೆಯೋರ ಸಂಬಳಕ್ಕೆ.

4/7

ಉಲ್ಟಾ ಉದಾಹರಣೆ ಟೋಕಿಯೋ.

ನಿಮ್ಮ ಫೀಡಲ್ಲೂ ಬಂದಿರುತ್ತೆ, "ಟೋಕಿಯೋದಲ್ಲಿ ಊಟ ಇಷ್ಟು ಚೀಪಾ!" ಅನ್ನೋ ರೀಲ್ಸು. ಹೌದು, ಅನ್ನದ ಮೇಲೆ ಬೀಫ್ ಹಾಕಿ ಕೊಡೋ ಗ್ಯುಡೋನ್ ಅನ್ನೋ ಬಟ್ಟಲು ಊಟ ಐನೂರು ಯೆನ್ ಒಳಗೇ ಸಿಗುತ್ತೆ, ಮುನ್ನೂರು ರೂಪಾಯಿ ಕೂಡ ಆಗಲ್ಲ. ಟೋಕಿಯೋದ ಕನಿಷ್ಠ ಕೂಲಿ 2025ರ ಅಕ್ಟೋಬರ್‌ನಿಂದ ಗಂಟೆಗೆ 1,226 ಯೆನ್. ಇಪ್ಪತ್ತೈದು ನಿಮಿಷ ದುಡಿದ್ರೆ ಹೊಟ್ಟೆ ತುಂಬಾ ಊಟ. ಟಿಪ್ಸ್ ಇಲ್ಲ, ನೀರಿಗೆ ದುಡ್ಡಿಲ್ಲ. ಬಾಗಿಲಲ್ಲೇ ಮಿಷನ್, ದುಡ್ಡು ಹಾಕಿ ಟಿಕೆಟ್ ತಗೊಂಡು ಕೌಂಟರಲ್ಲಿ ಕೂರ್ತೀರಿ, ಒಳಗೆ ಇಬ್ಬರೇ ಕೆಲಸದವರು. ನಮ್ಮ ದರ್ಶಿನಿ ಟೋಕನ್ನಿನ ದೂರದ ನೆಂಟ ಅನ್ಕೊಳ್ಳಿ.

ಆದ್ರೆ ಫಾರಿನ್ನಿಂದ ಹೋದವರಿಗೆ ಅದು ಇಷ್ಟು ಸೋವಿ ಕಾಣ್ತಿರೋದಕ್ಕೆ ಇನ್ನೊಂದು ಕಾರಣ ಯೆನ್ ಬಿದ್ದಿರೋದು. 2012ರ ಹೊತ್ತಿಗೆ ಒಂದು ಡಾಲರಿಗೆ ಎಂಬತ್ತು ಯೆನ್ ಇತ್ತು. 2024ರ ಜುಲೈನಲ್ಲಿ 160 ದಾಟಿತ್ತು. ಟೂರಿಸ್ಟಿಗೆ ಅರ್ಧ ಬೆಲೆ. ಅಲ್ಲೇ ಹುಟ್ಟಿ, ಅಲ್ಲೇ ಯೆನ್ನಲ್ಲಿ ಸಂಬಳ ತಗೊಳ್ಳೋನಿಗೆ ಯಾವ ಡಿಸ್ಕೌಂಟೂ ಇಲ್ಲ, ಬದಲಿಗೆ ಹೊರಗಿಂದ ಬರೋ ಗೋಧಿ, ಗ್ಯಾಸು ಎಲ್ಲ ತುಟ್ಟಿ. ರಾಮೆನ್ ಅಂಗಡಿಯವರಲ್ಲಿ "ಸಾವಿರ ಯೆನ್ ಗೋಡೆ" ಅಂತ ಒಂದು ಮಾತಿದೆ. ಒಂದು ಬಟ್ಟಲಿಗೆ ಸಾವಿರ ಯೆನ್ ದಾಟಿಸಿದ್ರೆ ಗಿರಾಕಿ ಬರಲ್ಲ ಅನ್ನೋ ಭಯ. ಎಲ್ಲದರ ರೇಟು ಏರಿದ್ರೂ ಆ ಗೋಡೆ ಹಾರಕ್ಕೆ ಹೆದರಿ ಕೂತವರಿದ್ದಾರೆ. ಈ ಗೋಡೆ ವಿಷಯ ನೆನಪಿಟ್ಕೊಳ್ಳಿ, ನಮ್ಮಪ್ಪನ ಹತ್ರ ವಾಪಸ್ ಬರ್ತೀನಿ.

ನ್ಯೂಯಾರ್ಕ್ ಕಥೆ ಇನ್ನೊಂಥರ. ಮೆನುವಿನಲ್ಲಿ 20 ಡಾಲರ್ ಅಂತ ಇದ್ರೆ ನೀವು ಕೊಡೋದು 20 ಅಲ್ಲ. ಸೇಲ್ಸ್ ಟ್ಯಾಕ್ಸ್ 8.875%, ಅದು ಬಿಲ್ಲಲ್ಲೇ ಗೊತ್ತಾಗೋದು. ಮೇಲೆ ಟಿಪ್ಸ್ 18ರಿಂದ 20%. ಟೋಟಲ್ ಇಪ್ಪತ್ತೈದು ಮುಕ್ಕಾಲು ಡಾಲರ್. "ಟಿಪ್ಸ್ ಕೊಡೋದು ನನ್ನಿಷ್ಟ" ಅಂತ ನಮ್ಮ ಕಡೆಯವರು ವಾದ ಮಾಡ್ತಾರೆ. ಅಮೆರಿಕದ ಕೇಂದ್ರ ಕಾನೂನಲ್ಲಿ ಟಿಪ್ಸ್ ಸಿಗೋ ಕೆಲಸದವರಿಗೆ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಒಂದು ಸೆಂಟೂ ಏರಿಲ್ಲ. ನ್ಯೂಯಾರ್ಕ್ ಥರದ ಕೆಲವು ಕಡೆ ರಾಜ್ಯದ ಕಾನೂನು ಜಾಸ್ತಿ ಕೊಡಿಸುತ್ತೆ ನಿಜ, ಆದ್ರೆ ಪದ್ಧತಿ ಇದೇ: ಸಪ್ಲೈಯರ್ ಸಂಬಳದ ಒಂದು ಭಾಗವನ್ನ ಮಾಲೀಕ ಗಿರಾಕಿಯ ಒಳ್ಳೇತನದ ಮೇಲೆ ಬಿಟ್ಟಿದಾನೆ. ಹಾಗಾಗಿ ಅಲ್ಲಿ ಟಿಪ್ಸ್ ಕೊಡದೆ ಎದ್ದು ಬರೋದು ಜಿಪುಣತನ ಅಲ್ಲ, ಅವನ ಕೂಲಿ ಕತ್ತರಿಸಿದ ಹಾಗೆ. ಈ ವ್ಯವಸ್ಥೆ ನನಗೆ ಸ್ವಲ್ಪವೂ ಇಷ್ಟ ಇಲ್ಲ. ಇಂಗ್ಲೆಂಡಿನವರು 2024ರ ಅಕ್ಟೋಬರ್‌ನಿಂದ ಟಿಪ್ಸ್, ಸರ್ವಿಸ್ ಚಾರ್ಜ್ ಪೂರ್ತಿ ಕೆಲಸದವರಿಗೇ ಹೋಗಬೇಕು ಅಂತ ಕಾನೂನು ತಂದ್ರು, ಅಷ್ಟು ವಾಸಿ.

ನ್ಯೂಯಾರ್ಕಿನ ಒಂದು ತಮಾಷೆ ಹೇಳಿ ಮುಂದೆ ಹೋಗ್ತೀನಿ. ಅಲ್ಲಿನವರು 1980ರ ಸುಮಾರಿಗೆ ಒಂದು ನಿಯಮ ಕಂಡುಹಿಡಿದ್ರು: ಒಂದು ಪೀಸ್ ಪಿಜ್ಜಾ ರೇಟೂ ಸಬ್‌ವೇ ಟಿಕೆಟ್ ರೇಟೂ ಜೋಡಿ ಎತ್ತುಗಳ ಹಾಗೆ ಒಟ್ಟಿಗೇ ಹೋಗ್ತವೆ ಅಂತ. ನಮ್ಮಲ್ಲಿ ಬಿಎಂಟಿಸಿ ಟಿಕೆಟ್ಟಿಗೂ ಬೈಟು ಕಾಫಿಗೂ ಯಾರಾದ್ರೂ ಹೀಗೆ ಗ್ರಾಫ್ ಹಾಕ್ತೀರಾ? ಪ್ರಾಜೆಕ್ಟಿಗೆ ಟಾಪಿಕ್ ಸಿಗ್ತಿಲ್ಲ ಅಂತ ಅಳ್ತಿದ್ದೋರಿಗೆ ಪುಕ್ಕಟೆ ಐಡಿಯಾ.

5/7

ನನಗೆ ಒಂದು ಊರಿಗೆ ಟಿಕೆಟ್ ಕೊಟ್ಟು "ಬರೀ ತಿಂದು ಬಾ" ಅಂದ್ರೆ ಸಿಂಗಪುರಕ್ಕೆ ಹೋಗ್ತೀನಿ.

ಜಗತ್ತಿನ ದುಬಾರಿ ಊರುಗಳ ಪಟ್ಟಿ ಯಾವುದು ತೆಗೆದ್ರೂ ಸಿಂಗಪುರ ಮೇಲೆಲ್ಲೋ ಇರುತ್ತೆ. ಆದ್ರೂ ಅಲ್ಲಿ ಒಂದು ತಟ್ಟೆ ಚಿಕನ್ ರೈಸ್ ನಾಲ್ಕೈದು ಸಿಂಗಪುರ ಡಾಲರಿಗೆ ಸಿಗುತ್ತೆ. ಕಾರಲ್ಲಿ ಬರೋರೂ ತಿಂತಾರೆ, ಕಟ್ಟಡ ಕೆಲಸದವರೂ ತಿಂತಾರೆ. ಇದು ತಾನಾಗೇ ಆಗಿದ್ದಲ್ಲ. ಒಂದು ಕಾಲದಲ್ಲಿ ಅಲ್ಲಿ ಸಾವಿರಾರು ಜನ ರಸ್ತೆ ಬದಿ ಗಾಡಿ ಇಟ್ಕೊಂಡಿದ್ರು, ನಮ್ಮ ಹಾಗೇ. ಸರ್ಕಾರ 1968-69ರಲ್ಲಿ ಎಲ್ಲರನ್ನೂ ನೋಂದಣಿ ಮಾಡಿಸಿ, 1971ರಿಂದ 1986ರ ತನಕ ಒಂದೊಂದೇ ಹಾಕರ್ ಸೆಂಟರ್ ಕಟ್ಟಿ, ನಲ್ಲಿ ನೀರು, ಚರಂಡಿ, ಕರೆಂಟು ಕೊಟ್ಟು ಒಳಗೆ ಕೂರಿಸ್ತು. ಎತ್ತಂಗಡಿ ಮಾಡಿ ಓಡಿಸಲಿಲ್ಲ, ಜಾಗ ಕೊಟ್ಟು ಕರ್ಕೊಂಡು ಹೋಯ್ತು. ಹಳಬರಿಗೆ ಬಾಡಿಗೆಯಲ್ಲಿ ರಿಯಾಯಿತಿ. ಇವತ್ತು ಅಂಥ ಸೆಂಟರ್‌ಗಳು ನೂರಕ್ಕಿಂತ ಜಾಸ್ತಿ. 2020ರಲ್ಲಿ ಯುನೆಸ್ಕೋ ಇದನ್ನ ಪರಂಪರೆಯ ಪಟ್ಟಿಗೆ ಸೇರಿಸ್ತು. 2016ರಲ್ಲಿ ಅಲ್ಲಿನ ಒಂದು ಹಾಕರ್ ಅಂಗಡಿಗೆ, ಎರಡು ಡಾಲರ್ ಆಸುಪಾಸಿನ ಸೋಯಾ ಸಾಸ್ ಚಿಕನ್ ರೈಸಿಗೆ, ಮಿಶೆಲಿನ್ ಸ್ಟಾರ್ ಸಿಕ್ಕಿತ್ತು (2021ರಲ್ಲಿ ಹೋಯ್ತು ಬಿಡಿ).

ಅದೇ ಊರಿನ ಏಸಿ ರೆಸ್ಟೋರೆಂಟಿಗೆ ಹೋಗಿ. ಮೆನುವಿನಲ್ಲಿ ರೇಟಿನ ಪಕ್ಕ ಎರಡು ಪ್ಲಸ್ ಗುರುತು ಇರುತ್ತೆ. ಒಂದು ಪ್ಲಸ್ 10% ಸರ್ವಿಸ್ ಚಾರ್ಜು, ಇನ್ನೊಂದು 9% ಜಿಎಸ್‌ಟಿ. ನಮ್ಮ ಮಾವಳ್ಳಿಯ ಎಂಟಿಆರ್ ಕೂಡ 2013ರಿಂದ ಅಲ್ಲಿನ ಸೆರಂಗೂನ್ ರೋಡಲ್ಲಿದೆ, ಕನ್ನಡದವರು ಭಾನುವಾರ ಅಲ್ಲಿ ಕ್ಯೂ ನಿಲ್ತಾರೆ. ಅಂದ್ರೆ ಒಂದೇ ಊರಲ್ಲಿ ಎರಡು ಬೆಲೆ. ವಿಶೇಷ ದಿನಕ್ಕೆ ಒಂದು, ದಿನಾ ಬದುಕಕ್ಕೆ ಒಂದು. ಊರು ದುಬಾರಿ ಇರಲಿ, ದಿನದ ಊಟ ಕೈಗೆ ಎಟುಕಬೇಕು ಅನ್ನೋದು ಅವರ ಹಟ.

ಅದಕ್ಕೂ ಒಂದು ಬೆಲೆ ಇದೆ, ಮುಚ್ಚಿಡಲ್ಲ. ಹಾಕರ್‌ಗಳ ವಯಸ್ಸು ಈಗ ಅರವತ್ತರ ಹತ್ತಿರ. ಬೆಳಗ್ಗೆ ನಾಲ್ಕಕ್ಕೆ ಎದ್ದು, ಹಬೆ ಮುಂದೆ ಹನ್ನೆರಡು ಗಂಟೆ ನಿಂತು, ನಾಲ್ಕು ಡಾಲರಿಗೆ ಮಾರೋ ಕೆಲಸಕ್ಕೆ ಅವರ ಮಕ್ಕಳು ಬರ್ತಿಲ್ಲ. ನನಗೆ ಇದು ಓದಿ ಹೊಟ್ಟೆಯಲ್ಲಿ ಒಂಥರ ಆಯ್ತು, ಯಾಕೆ ಅಂತ ಕೆಳಗೆ ಗೊತ್ತಾಗುತ್ತೆ.

ಬೇರೆಯವರೂ ಪ್ರಯತ್ನ ಮಾಡಿದಾರೆ. ಪೋಲೆಂಡಿನ ವಾರ್ಸಾದಲ್ಲಿ "ಮಿಲ್ಕ್ ಬಾರ್" ಅಂತ ಕರೆಯೋ ಹಳೇ ಊಟದ ಮನೆಗಳಿಗೆ ಇವತ್ತಿಗೂ ಸರ್ಕಾರದ ಸಬ್ಸಿಡಿ ಇದೆ, ಹೆಸರು ಬಾರ್ ಆದ್ರೂ ಸಿಗೋದು ಸೂಪು, ಹಿಟ್ಟಿನ ಕಡುಬು. ಪ್ಯಾರಿಸ್ಸಿನ ಯೂನಿವರ್ಸಿಟಿ ಕ್ಯಾಂಟೀನುಗಳಲ್ಲಿ 2020ರಲ್ಲಿ ಸ್ಕಾಲರ್‌ಶಿಪ್ ಮಕ್ಕಳಿಗೆ ಪೂರ್ತಿ ಊಟ 1 ಯೂರೋ ಮಾಡಿದ್ರು, ಉಳಿದ ವಿದ್ಯಾರ್ಥಿಗಳಿಗೆ ಆಗ 3.30. ಟರ್ಕಿಯಲ್ಲಿ 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಸರ್ಕಾರಿ ಲೆಕ್ಕದಲ್ಲೇ 85% ಮುಟ್ಟಿತ್ತು. ಆ ವರ್ಷವೇ ಇಸ್ತಾಂಬುಲ್ ನಗರಪಾಲಿಕೆ ತಾನೇ ಅಗ್ಗದ ಊಟದ ಹೋಟೆಲ್ ತೆರೀತು. ಬೆಂಗಳೂರು ಅದನ್ನ ಐದು ವರ್ಷ ಮುಂಚೆಯೇ, 2017ರ ಆಗಸ್ಟಲ್ಲಿ, ಇಂದಿರಾ ಕ್ಯಾಂಟೀನ್ ಅಂತ ಮಾಡಿತ್ತು, ತಿಂಡಿ 5, ಊಟ 10 ರೂಪಾಯಿ. ನಮ್ಮ ಕ್ಲಾಸಲ್ಲಿ ಇಂದಿರಾ ಕ್ಯಾಂಟೀನ್ ಅಂದ್ರೆ ಮೂಗು ಮುರಿಯೋರು, "ಸಿಂಗಪುರದ ಸ್ಟ್ರೀಟ್ ಫುಡ್" ಅಂದ್ರೆ ಬಾಯಿ ಬಿಡ್ತಾರೆ. ಎರಡರ ಹಿಂದಿರೋ ಯೋಚನೆ ಒಂದೇ, ಸ್ವಾಮಿ.

6/7

ಈಗ ಅಪ್ಪನ ಹೋಟೆಲು. ಹದಿನೆಂಟು ದೋಸೆ ಅಂತ ಜಂಬ ಕೊಚ್ಚಿದ್ದೆನಲ್ಲ, ಆ ಹೋಟೆಲು.

ತಿಪಟೂರು ಕಡೆ, ರಸ್ತೆ ಬದಿ, ಆರು ಟೇಬಲ್. ಭಟ್ಟರು ಒಬ್ಬರು, ಸಪ್ಲೈಗೆ ರಾಯಚೂರು ಕಡೆಯ ಒಬ್ಬ ಹುಡುಗ. ನನಗಿಂತ ಒಂದು ವರ್ಷ ಚಿಕ್ಕವನು. ಬೆಳಗ್ಗೆ ಐದರಿಂದ ಮಧ್ಯಾಹ್ನ ಮೂರರ ತನಕ ಕೆಲಸ, ದಿನಕ್ಕೆ ಆರುನೂರು ರೂಪಾಯಿ, ಊಟ ತಿಂಡಿ ನಮ್ಮದೇ. ಗಂಟೆಗೆ ಅರವತ್ತು ರೂಪಾಯಿ ಆಯ್ತು. ಮಸಾಲೆ ದೋಸೆ ಅರವತ್ತು ರೂಪಾಯಿ.

ಲೆಕ್ಕ ಹಾಕಿದೀರಾ? ಅಕ್ಕನ 1,100 ರೂಪಾಯಿ ದೋಸೆ, ಸರ್ವಿಸ್ ಚಾರ್ಜ್ ಸೇರಿ, 53 ನಿಮಿಷ. ನಮ್ಮ ಅರವತ್ತು ರೂಪಾಯಿ ದೋಸೆ, ಅದನ್ನ ಟೇಬಲ್ಲಿಗೆ ತಂದಿಡೋ ಹುಡುಗನಿಗೆ, 60 ನಿಮಿಷ.

ಇದನ್ನ ನಾನು ನೋಟ್‌ಬುಕ್ಕಿನ ಹಿಂದಿನ ಪೇಜಲ್ಲಿ ಮಾಡಿದ್ದು ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ. ಎರಡು ಸಲ ಚೆಕ್ ಮಾಡಿದೆ. ನಕ್ಕಿದ್ದು ಯಾರನ್ನ ನೋಡಿ ಅಂತ ಆವಾಗ ಗೊತ್ತಾಯ್ತು.

ಇನ್ನೊಂದು ಲೆಕ್ಕ. ಎಲ್ಲ ಖರ್ಚು ಕಳೆದು ಒಳ್ಳೇ ದಿನ ಅಪ್ಪನಿಗೆ ಉಳಿಯೋದು ಸಾವಿರದ ಎಂಟುನೂರು. ಅಪ್ಪ ಗಲ್ಲಾದಲ್ಲಿ, ಒಲೆ ಹತ್ರ ಎಲ್ಲ ಸೇರಿ ಹದಿನೈದು ಗಂಟೆ. ಗಂಟೆಗೆ ನೂರಿಪ್ಪತ್ತು, ಪರವಾಗಿಲ್ಲ ಅನ್ಸುತ್ತೆ. ಆದ್ರೆ ಹಿಟ್ಟು ರುಬ್ಬೋದು, ತರಕಾರಿ ಹೆಚ್ಚೋದು, ಚಟ್ನಿ ಮಾಡೋದು ಅಮ್ಮ, ದಿನಕ್ಕೆ ಎಂಟು ಗಂಟೆ. ಅಮ್ಮನ ಕೂಲಿ ಯಾವ ಪುಸ್ತಕದಲ್ಲೂ ಬರೆದಿಲ್ಲ. ಸೇರಿಸಿ ಭಾಗಿಸಿದ್ರೆ ಗಂಟೆಗೆ 78 ರೂಪಾಯಿ. ಓನರ್ ಅಂತ ಕರೀತಾರೆ ಜನ.

ಹಾಗಾದ್ರೆ ರೇಟ್ ಏರಿಸಬಹುದಲ್ಲ ಅಂತೀರಿ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿತು. ಅದಕ್ಕೆ ಸ್ವಲ್ಪ ಮುಂಚೆ ಕಾಫಿ ಬೀಜದ ರೇಟು ಜಗತ್ತಿನ ಮಾರ್ಕೆಟಲ್ಲೇ ದಾಖಲೆ ಮಾಡಿತ್ತು. ಕಮರ್ಷಿಯಲ್ ಸಿಲಿಂಡರ್ ಅಂತೂ ತಿಂಗಳು ತಿಂಗಳು ಏರುಪೇರು. ಅಪ್ಪ ಬೋರ್ಡಲ್ಲಿ ಕಾಫಿ 12 ಅಳಿಸಿ 15 ಬರೆದ್ರು. ಬರೆದ ದಿನ ಅವರು ಗಲ್ಲಾದಲ್ಲಿ ಕೂರಲಿಲ್ಲ, ಒಳಗೇ ಇದ್ರು. ಇಪ್ಪತ್ತು ವರ್ಷದಿಂದ ಬರ್ತಿರೋ ಮೇಷ್ಟ್ರು ಒಬ್ಬರು, "ಏನ್ ಸ್ವಾಮಿ, ನೀವೂ ಬೆಂಗಳೂರು ರೇಟ್ ಹಾಕಕ್ ಶುರು ಮಾಡಿದ್ರಾ" ಅಂದ್ರಂತೆ. ಮೂರು ರೂಪಾಯಿಗೆ. ದೋಸೆ ರೇಟು ಮುಟ್ಟಕ್ಕೆ ಅಪ್ಪನಿಗೆ ಇನ್ನೂ ಧೈರ್ಯ ಬಂದಿಲ್ಲ. ಇದೇ ನೋಡಿ ಸಾವಿರ ಯೆನ್ ಗೋಡೆ, ನಮ್ಮೂರಲ್ಲಿ ಅದು ಎಪ್ಪತ್ತು ರೂಪಾಯಿಗೆ ನಿಂತಿದೆ.

"ರೇಟಿಗೆ ಸರ್ಕಾರ ಮಿತಿ ಹಾಕಲಿ" ಅಂತ ಯಾರೋ ಹೋದ ಸಲ ಕಾಮೆಂಟ್ ಮಾಡಿದ್ರಿ. ಹಾಕಿ ನೋಡಿ ಆಗಿದೆ. ಎಪ್ಪತ್ತರ ದಶಕದ ತುರ್ತುಪರಿಸ್ಥಿತಿ ಕಾಲದಲ್ಲಿ ಹೋಟೆಲ್ ತಿಂಡಿಗೆ ಸರ್ಕಾರ ಬಲವಂತದ ದರ ಗೊತ್ತುಮಾಡಿತ್ತು. ಆ ದರಕ್ಕೆ ಅದೇ ಗುಣಮಟ್ಟ ಕೊಡಕ್ಕಾಗಲ್ಲ ಅಂತ ಎಂಟಿಆರ್‌ನವರು ಹೋಟೆಲ್ಲೇ ಮುಚ್ಚಿದ್ರು. ಇಡ್ಲಿ, ದೋಸೆ ಮಿಕ್ಸ್ ಪ್ಯಾಕೆಟ್ ಮಾರಕ್ಕೆ ಶುರು ಮಾಡಿದ್ದೇ ಆ ಹೊತ್ತಿಗೆ. ಅವರಿಗೆ ಅದೊಂದು ದಾರಿ ಸಿಕ್ತು. ಆರು ಟೇಬಲ್ಲಿನ ಹೋಟೆಲ್ಲಿಗೆ ಏನು ದಾರಿ?

7/7

"ಹಾಗಾದ್ರೆ ಎಲ್ಲರೂ ಜಾಸ್ತಿ ದುಡ್ಡು ಕೊಟ್ಟು ತಿನ್ನಬೇಕಾ? ನಿಮ್ಮಪ್ಪನ ಹೋಟೆಲ್ ಇದೆ ಅಂತ ಹೀಗೆ ಹೇಳ್ತಿದೀಯ." ಡ್ರಾಫ್ಟ್ ಓದಿದ ನನ್ನ ರೂಮ್‌ಮೇಟ್ ಕೇಳಿದ್ದು. ನ್ಯಾಯವಾದ ಪ್ರಶ್ನೆ. ಅವನು ತಿಂಗಳ ಕೊನೇ ವಾರ ಎರಡು ಹೊತ್ತಿಗೆ ಒಂದೇ ಊಟ ಮಾಡ್ತಾನೆ, ನನಗೆ ಗೊತ್ತು. ಅವನಿಗೆ ಹತ್ತು ರೂಪಾಯಿ ಏರಿದ್ರೆ ಅದು ಹತ್ತು ರೂಪಾಯಿ ಅಲ್ಲ.

ಅದಕ್ಕೇ ನಾನು ಸಿಂಗಪುರ, ವಾರ್ಸಾ, ಇಂದಿರಾ ಕ್ಯಾಂಟೀನ್ ಅಂತ ಅಷ್ಟುದ್ದ ಬರೆದಿದ್ದು. ಇಲ್ಲದವರಿಗೆ ಅಗ್ಗದ ಊಟ ಬೇಕೇ ಬೇಕು, ಆದ್ರೆ ಆ ಅಗ್ಗದ ಖರ್ಚು ಎಲ್ಲರ ತೆರಿಗೆಯಿಂದ ಹೋಗಲಿ, ರಾಯಚೂರಿನ ಹುಡುಗನ ಬೆನ್ನಿಂದ ಬೇಡ ಅನ್ನೋದು ನನ್ನ ವಾದ. ಕಾಲೇಜಿಗೊಂದು ಸಬ್ಸಿಡಿ ಮೆಸ್ ಕೇಳೋಣ, ಪ್ಯಾರಿಸ್ ಹುಡುಗರಿಗೆ ಸಿಗೋದು ನಮಗ್ಯಾಕೆ ಬೇಡ? ಹಾಗೆ ಕೇಳ್ತಾ, ಜೇಬಲ್ಲಿ ದುಡ್ಡಿರೋ ನಾವು ಮುನ್ನೂರ ಐವತ್ತರ ಕೋಲ್ಡ್ ಕಾಫಿಗೆ ಉಸಿರೆತ್ತದೆ, ಮೂರು ರೂಪಾಯಿ ಏರಿಸಿದ ಹೋಟೆಲವರ ಹತ್ರ ಜಗಳ ಆಡೋದು ನಿಲ್ಲಿಸೋಣ. ಮಾಲಲ್ಲಿ ಏಸಿಗೆ, ಲೈಟಿಗೆ, ಸೋಫಾಗೆ ಕೊಡ್ತೀವಿ. ಬೆವರಿಗೆ ಬಂದಾಗ ಮಾತ್ರ ಬೆಂಗಳೂರು ರೇಟು ನೆನಪಾಗುತ್ತೆ.

ಇನ್ನೊಂದು ವಿಷಯ, ಇದು ಪರ್ಸನಲ್. ನಿಮ್ಮ ಅಣ್ಣನೋ ಅಕ್ಕನೋ ಫ್ರೆಂಡೋ ಹೊರದೇಶದಲ್ಲಿ ಓದ್ತಿದ್ರೆ, ಅವರು ಊಟದ ಫೋಟೋ ಕಳಿಸಿದಾಗ ರೂಪಾಯಿಗೆ ಬದಲಾಯಿಸಿ ಹೇಳ್ಬೇಡಿ. ಅವರು ಆಗಲೇ ತಲೆಯಲ್ಲಿ ಅದನ್ನ ಮಾಡಿ, ಎಷ್ಟೋ ಸಲ ತಟ್ಟೆ ವಾಪಸ್ ಇಟ್ಟು ಬಂದಿರ್ತಾರೆ. ಲೋನ್ ರೂಪಾಯಿಯಲ್ಲಿದೆ, ಅದು ನಿಜ, ಅವರಿಗೂ ಗೊತ್ತು, ನಿದ್ದೆಯಲ್ಲೂ ಗೊತ್ತು. ಬೇಕಾದ್ರೆ ಹೀಗೆ ಕೇಳಿ: ಖಾರ ಇತ್ತಾ? ಚಟ್ನಿ ಹೆಂಗಿತ್ತು?

ನಾನು ಆ 53 ಮತ್ತು 60ರ ಲೆಕ್ಕವನ್ನ ಫೋಟೋ ತೆಗೆದು ಅಕ್ಕನಿಗೆ ಕಳ್ಸಿದೆ. ಕೆಳಗೆ ಸಾರಿ ಅಂತ ಬರೆದೆ. ಎರಡು ದಿನ ಉತ್ತರ ಬರ್ಲಿಲ್ಲ. ಆಮೇಲೆ ಬಂತು: "ಆ ಹುಡುಗನಿಗೆ ದೋಸೆ ಫ್ರೀ ಕೊಡ್ತಾರಲ್ವೇನೋ ಚಿಕ್ಕಪ್ಪ? ನಮಗೂ ಶಿಫ್ಟ್ ಮುಗಿದ ಮೇಲೆ ಕೊಡ್ತಾರೆ. ಅದನ್ನ ಎಲ್ಲಿ ಬರೀತೀಯ ಲೆಕ್ಕದಲ್ಲಿ?" ಅದರ ಜೊತೆ ಒಂದು ಫೋಟೋ. ಅಡುಗೆಮನೆ ಹಿಂದಿನ ಮೆಟ್ಟಿಲ ಮೇಲೆ ಕೂತು ಅಲ್ಯೂಮಿನಿಯಂ ಡಬ್ಬಿಯಲ್ಲಿ ಅನ್ನ ಸಾಂಬಾರು ತಿಂತಿದಾಳೆ, ಪಕ್ಕದಲ್ಲಿ ಕೆಲಸದ ಇನ್ನಿಬ್ಬರು. ಇದನ್ನ ಸ್ಟೋರಿ ಹಾಕಿಲ್ಲ, ಹಾಕಲ್ಲ.

ಅವಳ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ. ಕಾಸ್ಟಿಂಗ್ ಚೆನ್ನಾಗಿ ಓದಿದವರು ಯಾರಾದ್ರೂ ಹೇಳಿ.

ಮತ್ತೆ ನಿಮ್ಮ ಕೆಲಸ ಇದು: ಕಾಮೆಂಟಲ್ಲಿ ಊರು, ತಿಂಡಿ, ರೇಟು, ಅದನ್ನ ತಂದುಕೊಟ್ಟವರಿಗೆ ಗಂಟೆಗೆ ಎಷ್ಟು ಸಿಗುತ್ತೆ, ಇಷ್ಟು ಹಾಕಿ. ಕೊನೇದು ಗೊತ್ತಿಲ್ಲ ಅಂದ್ರೆ ಕೇಳ್ಕೊಂಡು ಬಂದು ಹಾಕಿ. ದುಬೈ, ಮೆಲ್ಬೋರ್ನ್, ಮಂಡ್ಯ ಎಲ್ಲಿದ್ರೂ ಸರಿ. ಐವತ್ತು ಬಂದ್ರೆ ಎಕ್ಸೆಲ್ ಮಾಡಿ ಹಾಕ್ತೀನಿ. ನಾಳೆ ಇಂಟರ್ನಲ್ಸ್ ಇದೆ, ಇನ್ನೂ ಎರಡು ಯೂನಿಟ್ ಬಾಕಿ.

#ತಿಂಡಿಲೆಕ್ಕ